ನಿಜ ಇದ್ದರೆ ಸಾಕಾ? ಗಾಕರ್ ಎಂಬ ಸುದ್ದಿ ಕಂಪನಿ ಮುಳುಗಿದ ಕತೆ

ಕಳೆದ ಮಳೆಗಾಲದ ಒಂದು ಸಂಜೆ. ದಾವಣಗೆರೆಯ ಪಿ.ಬಿ. ರಸ್ತೆ ಬದಿಯ ಅಂಗಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಹೇಳಿ ಕೂತಿದ್ದೆವು. ಎದುರಿಗೆ ನಮ್ಮಕ್ಕನ ಮಗ. ಅವನದೊಂದು ಸುದ್ದಿ ಚಾನೆಲ್ ಇದೆ. ಚಾನೆಲ್ ಅಂದರೆ ಒಂದು ಮೊಬೈಲು, ಒಂದು ಬೈಕು, ಲೋಗೊ ಅಂಟಿಸಿದ ಒಂದು ಮೈಕು, ಅಷ್ಟೇ. ಜಯದೇವ ವೃತ್ತದಲ್ಲಿ ಧರಣಿ ಇದ್ದರೆ ಅಲ್ಲಿರುತ್ತಾನೆ. ಮೆಕ್ಕೆಜೋಳದ ರೇಟು ಬಿದ್ದರೆ ಎಪಿಎಂಸಿಗೆ ಓಡುತ್ತಾನೆ. ಒಳ್ಳೆಯ ಹುಡುಗ. ವ್ಯೂಸ್ ಕಡಿಮೆ ಬಂದ ದಿನ ಮಾತ್ರ ಊಟ ಸರಿಯಾಗಿ ಮಾಡುವುದಿಲ್ಲ ಅಂತ ನಮ್ಮಕ್ಕನ ದೂರು.

ಅವತ್ತು ಮೊಬೈಲನ್ನು ಮೇಜಿನ ಕೆಳಗೇ ಹಿಡಿದು ಒಂದು ಕ್ಲಿಪ್ ತೋರಿಸಿದ. ಲಾಡ್ಜಿನ ರೂಮು. ಊರಿಗೆಲ್ಲ ಮುಖ ಗೊತ್ತಿರುವ ಒಬ್ಬರು, ಜೊತೆಗೊಬ್ಬ ಹೆಂಗಸು. ನಾಲ್ಕು ಸೆಕೆಂಡು ನೋಡಿ ಸಾಕು ಅಂದೆ.

"ಹಾಕ್ಲೇನ್ ಮಾಮಾ? ಎಡಿಟ್ ಮಾಡಿದ್ದಲ್ಲ ಇದು. ಒರಿಜಿನಲ್ ಐತಿ."

ನಾನೂ ಒಂದು ಕಾಲದಲ್ಲಿ ಸಣ್ಣದೊಂದು ಸಂಜೆ ಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಅಲ್ಲಿಯೂ ಇದೇ ಮಾತು. "ಸುಳ್ಳಲ್ಲ ತಾನೆ? ಹಾಕು ಮತ್ತೆ." ಸುಳ್ಳು ಬರೆದರೆ ತಪ್ಪು ಅನ್ನುವುದು ಎಲ್ಲರಿಗೂ ಗೊತ್ತು. ನಿಜ ಬರೆದೂ ತಪ್ಪಾಗಬಹುದು ಅನ್ನುವುದನ್ನು ಹೇಳಿಕೊಡುವವರು ಕಡಿಮೆ. ಅಮೆರಿಕದಲ್ಲಿ ಕೋಟಿಗಟ್ಟಲೆ ಡಾಲರ್ ಬೆಲೆ ಬಾಳುತ್ತಿದ್ದ ಒಂದು ಕಂಪನಿ ಇದನ್ನು ತೀರಾ ತಡವಾಗಿ ಕಲಿಯಿತು. ಮಂಡಕ್ಕಿ ಬರುವಷ್ಟರಲ್ಲಿ ಅವನಿಗೆ ಆ ಕತೆ ಶುರು ಮಾಡಿದೆ. ಎರಡು ಪ್ಲೇಟು ಮೆಣಸಿನಕಾಯಿ ಮುಗಿದರೂ ಕತೆ ಮುಗಿಯಲಿಲ್ಲ.

ಕಂಪನಿಯ ಹೆಸರು ಗಾಕರ್ ಮೀಡಿಯಾ. ಆ ಹೆಸರಿನ ಅರ್ಥವೇ ಬಾಯಿ ಬಿಟ್ಟುಕೊಂಡು ನೋಡುವವನು ಅಂತ. ಪಕ್ಕದ ಮನೆಯಲ್ಲಿ ಜಗಳ ಶುರುವಾದರೆ ಕಾಂಪೌಂಡಿನ ಮೇಲೆ ಕತ್ತು ಚಾಚಿ ನಿಲ್ಲುವವರು ಇರ್ತಾರಲ್ಲ, ಅವರು. ಶುರು ಮಾಡಿದ್ದು ನಿಕ್ ಡೆಂಟನ್. ಬ್ರಿಟನ್ನಿನವರು, ಮೊದಲು ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯಲ್ಲಿದ್ದವರು. 2002-03ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಒಂದೊಂದೇ ವೆಬ್ ತಾಣ ಶುರು ಮಾಡಿದರು. ಮೊಬೈಲು, ಕಂಪ್ಯೂಟರಿನ ಸುದ್ದಿಗೆ ಗಿಜ್ಮೊಡೊ. ದೊಡ್ಡವರ ಗುಸುಗುಸುಗೆ ಗಾಕರ್. ಮುಂದೆ ಆಟಕ್ಕೆ ಡೆಡ್‌ಸ್ಪಿನ್, ಹೆಣ್ಣುಮಕ್ಕಳ ವಿಷಯಕ್ಕೆ ಜೆಜೆಬೆಲ್, ವಿಡಿಯೋ ಗೇಮಿಗೆ ಕೊಟಾಕು, ಕಾರಿಗೆ ಜಲೋಪ್ನಿಕ್.

ಡೆಂಟನ್ ಅವರ ಲೆಕ್ಕಾಚಾರ ಸರಳ. ಪತ್ರಕರ್ತರು ಸಂಜೆ ಒಂದು ಕಡೆ ಸೇರಿದಾಗ ತಮ್ಮತಮ್ಮಲ್ಲಿ ಹೇಳಿಕೊಳ್ಳುವ ಕತೆಯೇ ಬೇರೆ, ಬೆಳಗ್ಗೆ ಪೇಪರಿನಲ್ಲಿ ಬರುವುದೇ ಬೇರೆ. ಸಂಜೆಯ ಆ ಮಾತನ್ನೇ ಅಚ್ಚು ಮಾಡೋಣ ಅಂದರು. ಇದರಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಊರಿನ ಎಷ್ಟೋ ವಿಷಯ ಟೀ ಅಂಗಡಿಯಲ್ಲೇ ಉಳಿದುಹೋಗುತ್ತವೆ, ಜಾಹೀರಾತು ಕೊಡುವವರ ಮುಲಾಜಿಗೆ ಪೇಪರಿಗೆ ಬರುವುದಿಲ್ಲ. ಯಾರ ಮುಲಾಜೂ ಇಲ್ಲದ ಒಂದು ಪತ್ರಿಕೆ ಅಂದರೆ ಅದಕ್ಕೊಂದು ಬೆಲೆ ಇದೆ.

ಆ ಬೆಲೆ ಏನು ಅಂತ ಗಾಕರ್ ತೋರಿಸಿಯೂ ಕೊಟ್ಟಿತು. 2013ರ ಮೇ ತಿಂಗಳಲ್ಲಿ ಕೆನಡಾದ ಟೊರಾಂಟೊ ನಗರದ ಮೇಯರ್ ರಾಬ್ ಫೋರ್ಡ್ ಮಾದಕ ವಸ್ತು ಸೇದುತ್ತಿರುವ ವಿಡಿಯೋ ಇದೆ ಎಂದು ಬರೆಯಿತು. ಮೇಯರ್ ಅಲ್ಲಗಳೆದರು. ಆ ವರ್ಷ ಮುಗಿಯುವುದರೊಳಗೆ ಪೊಲೀಸರಿಗೆ ವಿಡಿಯೋ ಸಿಕ್ಕಿತು, ಮೇಯರ್ ಒಪ್ಪಿಕೊಂಡರು. ಬಿಲ್ ಕಾಸ್ಬಿ ಎಂಬ ದೊಡ್ಡ ನಟನ ಮೇಲಿದ್ದ ಹಳೆಯ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಎಲ್ಲರೂ ಮರೆತಂತೆ ಇದ್ದಾಗ, 2014ರಲ್ಲಿ ಅದನ್ನು ಮತ್ತೆ ಎತ್ತಿದ್ದೂ ಇದೇ ಗಾಕರ್.

ಹಾಗಾದರೆ ಎಡವಿದ್ದೆಲ್ಲಿ?

ಅವರ ಕಚೇರಿಯ ಗೋಡೆಯ ಮೇಲೆ ದೊಡ್ಡದೊಂದು ಪರದೆ ಇತ್ತು. ಈ ಕ್ಷಣದಲ್ಲಿ ಯಾವ ಬರಹವನ್ನು ಎಷ್ಟು ಜನ ಓದುತ್ತಿದ್ದಾರೆ ಅಂತ ಅದರಲ್ಲಿ ಕಾಣುತ್ತಿತ್ತು. ಎಷ್ಟು ಜನ ಓದಿದರು ಅನ್ನುವುದರ ಮೇಲೆ ಬರೆಯುವವರಿಗೆ ಹಣ ಕೊಡುವ ಪದ್ಧತಿಯನ್ನೂ ತಂದಿದ್ದರು. ಇವತ್ತು ಇದು ಎಲ್ಲ ಕಡೆ ಇದೆ, ನಮ್ಮ ಹುಡುಗನ ಮೊಬೈಲಿನಲ್ಲೂ ಇದೆ. ಆಗ ಹೊಸದು. ಮೇಯರ್ ಮಾದಕ ವಸ್ತು ಸೇದಿದ ಸುದ್ದಿಗೂ ಅಲ್ಲಿ ಅಂಕಿ ಏರುತ್ತದೆ. ಯಾರದೋ ಮಲಗುವ ಕೋಣೆಯ ವಿಡಿಯೋಗೂ ಏರುತ್ತದೆ. ಎರಡೂ ಒಂದೇ ಅಲ್ಲ ಅಂತ ಆ ಪರದೆ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಸಂಪಾದಕರು.

2012ರ ಅಕ್ಟೋಬರಿನಲ್ಲಿ ಗಾಕರ್ ತಾಣಕ್ಕೆ ಅಂಥದ್ದೊಂದು ವಿಡಿಯೋ ಬಂತು. ಅದರಲ್ಲಿದ್ದವರು ಹಲ್ಕ್ ಹೋಗನ್. ತೊಂಬತ್ತರ ದಶಕದಲ್ಲಿ ಕೇಬಲ್ ಟಿವಿ ನೋಡಿದವರಿಗೆ ನೆನಪಿರಬಹುದು, ಜೋತುಬಿದ್ದ ಹಳದಿ ಮೀಸೆಯ ಕುಸ್ತಿಪಟು. ನಮ್ಮ ದುಗ್ಗಮ್ಮನ ಜಾತ್ರೆಯ ಕುಸ್ತಿಯಂಥದ್ದಲ್ಲ ಅದು. ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟುಕೊಂಡು ಆಡುವ ಆಟ. ಅವರ ನಿಜವಾದ ಹೆಸರು ಟೆರ್ರಿ ಬೊಲಿಯಾ. ಗೆಳೆಯನೊಬ್ಬನ ಹೆಂಡತಿಯ ಜೊತೆ ಅವರು ಇದ್ದದ್ದನ್ನು ಆ ಮನೆಯಲ್ಲೇ ಅವರಿಗೆ ಗೊತ್ತಿಲ್ಲದಂತೆ ಚಿತ್ರೀಕರಿಸಲಾಗಿತ್ತು. ಆಗ ಗಾಕರ್ ಸಂಪಾದಕರಾಗಿದ್ದ ಎ.ಜೆ. ಡೌಲೆರಿಯೊ ಅದರಲ್ಲಿ 1 ನಿಮಿಷ 41 ಸೆಕೆಂಡನ್ನು ಕತ್ತರಿಸಿ, ಜೊತೆಗೊಂದು ಬರಹ ಬರೆದು ಹಾಕಿದರು.

ಹೋಗನ್ ಕೋರ್ಟಿಗೆ ಹೋದರು. ಫ್ಲಾರಿಡಾದ ನ್ಯಾಯಾಧೀಶರು 2013ರಲ್ಲಿ ತೆಗೆಯಿರಿ ಎಂದು ಆದೇಶ ಕೊಟ್ಟರು. ಗಾಕರ್ ವಿಡಿಯೋ ತೆಗೆಯಿತು, ಬರಹ ತೆಗೆಯಲಿಲ್ಲ. ಅಷ್ಟಕ್ಕೇ ಸುಮ್ನೆ ಇರಲಿಲ್ಲ, ಕೋರ್ಟು ಹೇಳಿದರೂ ನಾವು ತೆಗೆಯುವುದಿಲ್ಲ ಅಂತ ಇನ್ನೊಂದು ಬರಹವನ್ನೇ ಹಾಕಿತು. ಕಾನೂನಿನ ಲೆಕ್ಕದಲ್ಲಿ ಅವರ ವಾದಕ್ಕೆ ಬಲ ಇತ್ತು. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಪತ್ರಿಕೆಗಳಿಗೆ ಕೊಟ್ಟಿರುವ ರಕ್ಷಣೆ ಬಹಳ ಗಟ್ಟಿ. 2014ರಲ್ಲಿ ಮೇಲಿನ ಕೋರ್ಟು ಆ ತಡೆಯಾಜ್ಞೆಯನ್ನು ರದ್ದು ಕೂಡ ಮಾಡಿತು. ಆದರೆ ಅಲ್ಲಿ ಇಂಥ ಕೇಸಿನಲ್ಲಿ ತೀರ್ಪು ಹೇಳುವುದು ಜ್ಯೂರಿ, ಅಂದರೆ ಸಾಮಾನ್ಯ ಜನರದೊಂದು ಗುಂಪು. ಅದರಲ್ಲಿ ಕೂರುವ ಜನ ಕಾನೂನಿನ ಪುಸ್ತಕ ಓದಿ ಬಂದವರಲ್ಲ. ನಿಮ್ಮ ಹಾಗೆ, ನನ್ನ ಹಾಗೆ ಇರುವವರು. ಅವರಿಗೆ ಆ ಧಿಮಾಕು ಕಂಡಿರುತ್ತದೆ.

ವಿಚಾರಣೆ ನಡೆದದ್ದು 2016ರ ಮಾರ್ಚ್‌ನಲ್ಲಿ, ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಗಾಕರ್ ವಾದ ಇಷ್ಟು: ಹೋಗನ್ ಹೆಸರುವಾಸಿ ಮನುಷ್ಯ. ತನ್ನ ಖಾಸಗಿ ಬದುಕಿನ ಬಗ್ಗೆ ರೇಡಿಯೋದಲ್ಲಿ ತಾನೇ ಬಡಾಯಿ ಕೊಚ್ಚಿಕೊಂಡವನು. ವಿಡಿಯೋ ನಿಜ. ಹಾಗಾಗಿ ಸುದ್ದಿ.

ಹೋಗನ್ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಬಡಾಯಿ ಕೊಚ್ಚಿದ್ದು ಹಲ್ಕ್ ಹೋಗನ್ ಎಂಬ ಪಾತ್ರ, ಆ ಕೋಣೆಯಲ್ಲಿ ಇದ್ದದ್ದು ಟೆರ್ರಿ ಬೊಲಿಯಾ ಎಂಬ ಮನುಷ್ಯ, ಎಂದರು. ಬಯಲಾಟ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿಯೆಲ್ಲ ದುರ್ಯೋಧನನಾಗಿ ಗದೆ ಬೀಸಿದವನು ಬೆಳಗ್ಗೆ ಬಣ್ಣ ಒರೆಸಿಕೊಂಡು ಹೊಲಕ್ಕೆ ಹೋಗುತ್ತಾನೆ. ಅವನು ರಂಗದ ಮೇಲೆ ಆಡಿದ ಮಾತಿಗೆ ಹೊಲದಲ್ಲಿ ಹಿಡಿದು ಕೇಳುವವರಿಲ್ಲ.

ಗಾಕರ್‌ಗೆ ಜಾಸ್ತಿ ಪೆಟ್ಟು ಕೊಟ್ಟದ್ದು ಅವರ ಸಂಪಾದಕರದೇ ಮಾತು. ವಿಚಾರಣೆಗೆ ಮೊದಲು ವಕೀಲರು ಅವರ ಹೇಳಿಕೆಯನ್ನು ವಿಡಿಯೋದಲ್ಲಿ ದಾಖಲಿಸಿಕೊಂಡಿದ್ದರು. ಹೆಸರುವಾಸಿ ವ್ಯಕ್ತಿಯ ಇಂಥ ವಿಡಿಯೋ ಯಾವತ್ತಾದರೂ ಸುದ್ದಿ ಅಲ್ಲ ಅನ್ನಿಸುವ ಸಂದರ್ಭ ಇದೆಯೇ ಎಂದು ಕೇಳಿದರು. ಮಗುವಾಗಿದ್ದರೆ, ಅಂದರು ಡೌಲೆರಿಯೊ. ಎಷ್ಟು ವಯಸ್ಸಿನ ಕೆಳಗೆ? ನಾಲ್ಕು, ಅಂದರು. ಆಮೇಲೆ ಅದು ವ್ಯಂಗ್ಯವಾಗಿ ಆಡಿದ ಮಾತು ಎಂದು ಸಮಜಾಯಿಷಿ ಬಂತು. ಇರಬಹುದು. ಆದರೆ ಕಟಕಟೆಯ ಪರದೆಯಲ್ಲಿ ಅದು ಓಡಿದಾಗ ಆರು ಜನ ಜ್ಯೂರಿ ನೋಡುತ್ತಿದ್ದರು. ತಮಾಷೆಗೆ ಒಂದು ಜಾಗ ಇರುತ್ತದೆ, ಅಲ್ವಾ?

ಮಾರ್ಚ್ 18ಕ್ಕೆ ತೀರ್ಪು. ಹೋಗನ್ ಕೇಳಿದ್ದು 10 ಕೋಟಿ ಡಾಲರ್. ಜ್ಯೂರಿ 11.5 ಕೋಟಿ ಕೊಡಿ ಎಂದಿತು. ಮೂರು ದಿನ ಬಿಟ್ಟು ಶಿಕ್ಷೆಯ ರೂಪದಲ್ಲಿ ಇನ್ನೂ 2.5 ಕೋಟಿ ಹೇರಿತು. ಒಟ್ಟು 14 ಕೋಟಿ ಡಾಲರ್. ಆಗಿನ ರೇಟಿನಲ್ಲಿ 900 ಕೋಟಿ ರೂಪಾಯಿಗೂ ಮೇಲೆ.

"ಅಪೀಲು ಹೋಗಬಹುದಿತ್ತಲ್ಲ?" ಅಂದ ನಮ್ಮ ಹುಡುಗ. ಒಳ್ಳೆಯ ಪ್ರಶ್ನೆ. ಮೇಲಿನ ಕೋರ್ಟಿನಲ್ಲಿ ಈ ಮೊತ್ತ ಬಹಳ ಇಳಿಯುತ್ತದೆ, ಗಾಕರ್ ಗೆದ್ದರೂ ಗೆಲ್ಲಬಹುದು ಎಂದು ಆಗ ಎಷ್ಟೋ ವಕೀಲರು ಹೇಳುತ್ತಿದ್ದರು. ಆದರೆ ಗೆಲ್ಲುವವರೆಗೆ ಬದುಕಿರಬೇಕಲ್ಲ. ನಮ್ಮಲ್ಲಿಯೂ ಹಣದ ಡಿಕ್ರಿ ಆದಮೇಲೆ ಸ್ಟೇ ಬೇಕೆಂದರೆ ಇಷ್ಟು ಡಿಪಾಸಿಟ್ ಇಡು ಅನ್ನುತ್ತದೆ ಕೋರ್ಟು. ಇಲ್ಲದಿದ್ದರೆ ಅಪೀಲು ಅದರ ಪಾಡಿಗೆ ನಡೆಯುತ್ತದೆ, ಜಪ್ತಿ ಅದರ ಪಾಡಿಗೆ ನಡೆಯುತ್ತದೆ. ಫ್ಲಾರಿಡಾದಲ್ಲೂ ಹಾಗೇ. ಅಲ್ಲಿ ಅದಕ್ಕೊಂದು ಮಿತಿ ಇದೆ, 5 ಕೋಟಿ ಡಾಲರ್. ಮಿತಿಯೇ ಅಷ್ಟು! ಗಾಕರ್ ಹತ್ತಿರ ಆ ದುಡ್ಡು ಇರಲಿಲ್ಲ. 2016ರ ಜೂನ್ 10ರಂದು ದಿವಾಳಿ ಅರ್ಜಿ ಹಾಕಿತು. ಆಗಸ್ಟಿನಲ್ಲಿ ಡೆಂಟನ್ ಅವರೂ ವೈಯಕ್ತಿಕವಾಗಿ ದಿವಾಳಿ ಎದ್ದರು.

ದಿವಾಳಿ ಅಂದ ಕೂಡಲೇ ಬಾಗಿಲು ಮುಚ್ಚುವುದಿಲ್ಲ. ಸಾಲ ಕೊಟ್ಟವರು ಮೈಮೇಲೆ ಬೀಳದ ಹಾಗೆ ಕೋರ್ಟಿನ ನೆರಳಿನಲ್ಲಿ ಕಂಪನಿಯನ್ನು ಮಾರಲು ಅದೊಂದು ದಾರಿ. ಯೂನಿವಿಷನ್ ಎಂಬ ಟಿವಿ ಕಂಪನಿ ಹರಾಜಿನಲ್ಲಿ 13.5 ಕೋಟಿ ಡಾಲರ್‌ಗೆ ಕೊಂಡಿತು. ನಮ್ಮ ಊರಿನ ಹತ್ತಿಗಿರಣಿಗಳು ಮುಚ್ಚಿದ ಕಾಲ ಕಂಡವರಿಗೆ ಹರಾಜಿನ ರೀತಿ ಗೊತ್ತು. ಬೇಕಾದ ಸಾಮಾನಿಗೆ ಗಿರಾಕಿ ಬರುತ್ತಾರೆ, ಬೇಡದ್ದು ಅಲ್ಲೇ ತುಕ್ಕು ಹಿಡಿಯುತ್ತದೆ. ಗಿಜ್ಮೊಡೊ, ಡೆಡ್‌ಸ್ಪಿನ್, ಜೆಜೆಬೆಲ್ ಎಲ್ಲ ಹೋದವು. ಕಂಪನಿಗೆ ಹೆಸರು ಕೊಟ್ಟ ಗಾಕರ್ ತಾಣ ಮಾತ್ರ ಯೂನಿವಿಷನ್‌ಗೂ ಬೇಡವಾಯಿತು. 2016ರ ಆಗಸ್ಟ್ 22ರಂದು ಅದು ನಿಂತಿತು. ನವೆಂಬರಿನಲ್ಲಿ ಹೋಗನ್ ಜೊತೆ ರಾಜಿ, 3.1 ಕೋಟಿ ಡಾಲರ್‌ಗೆ. ಆ ಹೆಸರನ್ನು ಕೊಂಡವರು 2021ರಲ್ಲಿ ಒಮ್ಮೆ ಮತ್ತೆ ಶುರು ಮಾಡಿದರು, 2023ರಲ್ಲಿ ಮುಚ್ಚಿದರು.

ಇಷ್ಟೇ ಆಗಿದ್ದರೆ ಇದು ಮಾಡಿದ್ದುಣ್ಣೋ ಮಹರಾಯ ಅನ್ನುವ ಕತೆ. ಆದರೆ ಇದಕ್ಕೊಂದು ಹಿಂದಿನ ಬಾಗಿಲು ಇದೆ.

ವಿಚಾರಣೆಗೆ ಮೊದಲೇ ಗಾಕರ್ ಕಡೆಯವರಿಗೆ ಒಂದು ವಿಷಯ ಅರ್ಥವಾಗಿರಲಿಲ್ಲ. ಹೋಗನ್ ಪರ ವಕೀಲರು ತಮ್ಮ ದಾವೆಯಿಂದ ಒಂದು ಅಂಶವನ್ನು ತಾವೇ ಕೈಬಿಟ್ಟಿದ್ದರು. ಅದು ಇದ್ದಿದ್ದರೆ ಗಾಕರ್‌ನ ವಿಮಾ ಕಂಪನಿ ಪರಿಹಾರ ಕಟ್ಟಬೇಕಾಗುತ್ತಿತ್ತು. ಅಂದರೆ ಹೋಗನ್‌ಗೆ ದುಡ್ಡು ಸಿಗುವ ಸುಲಭದ ದಾರಿಯನ್ನು ಅವರದೇ ವಕೀಲರು ಮುಚ್ಚಿದರು. ದುಡ್ಡಿಗಾಗಿ ಹೂಡಿದ ಕೇಸಿನಲ್ಲಿ ಯಾರಾದರೂ ಹಾಗೆ ಮಾಡುತ್ತಾರಾ? ಕಂಪನಿಯೇ ಕಟ್ಟಬೇಕು, ಕಟ್ಟಿ ಮುಳುಗಬೇಕು ಅಂತ ಬಯಸುವವರು ಮಾಡುತ್ತಾರೆ.

2016ರ ಮೇ ತಿಂಗಳಲ್ಲಿ ಗುಟ್ಟು ಹೊರಬಂತು. ಕೇಸಿನ ಖರ್ಚು ಕೊಡುತ್ತಿದ್ದವರು ಪೀಟರ್ ಥೀಲ್. ಪೇಪಾಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರು, ಫೇಸ್‌ಬುಕ್‌ಗೆ ಶುರುವಿನಲ್ಲೇ ಹಣ ಹಾಕಿ ಶತಕೋಟ್ಯಧಿಪತಿ ಆದವರು. ಅವರು ಸಲಿಂಗಿ ಎಂಬುದನ್ನು 2007ರ ಡಿಸೆಂಬರಿನಲ್ಲಿ ಗಾಕರ್ ಬಳಗದ ವ್ಯಾಲಿವ್ಯಾಗ್ ಎಂಬ ತಾಣ ಬರೆದಿತ್ತು. ಆ ಬರಹವೂ ಸುಳ್ಳಲ್ಲ, ನೋಡಿ. ಥೀಲ್ ಕಾದರು. ಎಂಟು ವರ್ಷಕ್ಕೂ ಜಾಸ್ತಿ. ಗಾಕರ್‌ನಿಂದ ನೊಂದವರ ಕೇಸುಗಳಿಗೆ ಗುಟ್ಟಾಗಿ ಸುಮಾರು 1 ಕೋಟಿ ಡಾಲರ್ ಸುರಿದೆ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಇದು ಸೇಡಲ್ಲ, ಇನ್ನು ಮುಂದೆ ಇಂಥದ್ದು ನಡೆಯಬಾರದು ಅಂತ ಮಾಡಿದ್ದು ಎನ್ನುವುದು ಅವರ ಸಮರ್ಥನೆ.

ಇಲ್ಲಿ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ನೊಂದವನ ಹತ್ತಿರ ಕೋರ್ಟಿಗೆ ಹೋಗುವಷ್ಟು ದುಡ್ಡು ಇಲ್ಲದಾಗ ಬೇರೆಯವರು ಕೊಟ್ಟರೆ ತಪ್ಪೇನು ಅನ್ನಿಸುತ್ತದೆ. ಆದರೆ ಸಿರಿವಂತನೊಬ್ಬ ತನಗಾಗದ ಪತ್ರಿಕೆಯನ್ನು ಮುಗಿಸಲು ಇನ್ನೊಬ್ಬನ ಭುಜದ ಮೇಲೆ ಬಂದೂಕಿಟ್ಟ. ನಾಳೆ ಇನ್ನೊಬ್ಬ ಇದೇ ದಾರಿ ಹಿಡಿದು ಒಳ್ಳೆಯ ತನಿಖಾ ಪತ್ರಿಕೆಯನ್ನೂ ಮುಗಿಸಬಹುದು. ಯಾರ ದುಡ್ಡು ಅಂತ ಜ್ಯೂರಿಗೂ ಗೊತ್ತಿರಲಿಲ್ಲ, ಓದುಗರಿಗೂ ಗೊತ್ತಿರಲಿಲ್ಲ. ನನಗೆ ಇಷ್ಟವಾಗದ್ದು ಆ ಗುಟ್ಟು.

ಹಾಗಂತ ಎಲ್ಲವನ್ನೂ ಥೀಲ್ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ತೀರ್ಪಿಗೆ ಎಂಟು ತಿಂಗಳ ಮೊದಲು, 2015ರ ಜುಲೈನಲ್ಲಿ, ಗಾಕರ್ ಇನ್ನೊಂದು ಬರಹ ಹಾಕಿತ್ತು. ಒಂದು ಪತ್ರಿಕಾ ಕಂಪನಿಯ ಲೆಕ್ಕಪತ್ರ ನೋಡುವ ಅಧಿಕಾರಿ. ಜನರಿಗೆ ಅವರ ಹೆಸರೂ ಗೊತ್ತಿರಲಿಲ್ಲ. ಅವರ ಖಾಸಗಿ ಬದುಕಿನದೊಂದು ಕತೆ, ಅವರನ್ನು ಹೆದರಿಸುತ್ತಿದ್ದ ವ್ಯಕ್ತಿಯೇ ಕೊಟ್ಟ ಕತೆ. ಬೇರೆ ಪತ್ರಕರ್ತರೇ ಛೀ ಅಂದರು. ಕಂಪನಿಯ ಆಡಳಿತ ಮತ ಹಾಕಿ ಅದನ್ನು ತೆಗೆಸಿತು. ಸಂಪಾದಕೀಯಕ್ಕೆ ಆಡಳಿತದವರು ಕೈ ಹಾಕಬಾರದು ಎಂದು ಇಬ್ಬರು ಹಿರಿಯ ಸಂಪಾದಕರು ರಾಜೀನಾಮೆ ಕೊಟ್ಟರು. ವಿಚಿತ್ರ ನೋಡಿ. ಅವರ ತತ್ವ ಸರಿ, ಅದಕ್ಕೆ ಆರಿಸಿಕೊಂಡ ಬರಹ ತಪ್ಪು. ಮುಂದಿನ ವರ್ಷ ತೀರ್ಪು ಬಂದಾಗ ಗಾಕರ್ ಪರ ಬೀದಿಗೆ ಬರುವ ಓದುಗರು ಯಾಕೆ ಸಿಗಲಿಲ್ಲ ಅನ್ನುವುದಕ್ಕೆ ಈ ಬರಹದಲ್ಲೇ ಉತ್ತರ ಇದೆ ಅಂತ ನನ್ನ ಲೆಕ್ಕ.

ಮಂಡಕ್ಕಿ ಖಾಲಿ. ಹುಡುಗ ಟೀ ಹೇಳಿದ. "ಅದು ಅಮೆರಿಕ ಮಾಮಾ. ಇಲ್ಲಿ ಯಾರು ಕೇಳ್ತಾರೆ?"

ಇಲ್ಲಿನ ಕಾನೂನು ಅಲ್ಲಿಗಿಂತ ಬಿಗಿ ಅಂತ ಅವನಿಗೆ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಮಾನನಷ್ಟದ ಕೇಸಿಗೆ ನಿಜವೇ ದೊಡ್ಡ ಗುರಾಣಿ. ನಮ್ಮಲ್ಲಿ ಕ್ರಿಮಿನಲ್ ಮಾನನಷ್ಟದ ಕೇಸಾದರೆ ನಿಜ ಅಷ್ಟೇ ಸಾಲದು. ನಿಜವೂ ಆಗಿರಬೇಕು, ಅದನ್ನು ಹೇಳುವುದರಿಂದ ಸಾರ್ವಜನಿಕರಿಗೆ ಒಳಿತೂ ಇರಬೇಕು. ಇದು ನಿನ್ನೆ ಮೊನ್ನೆಯ ಮಾತಲ್ಲ. 1860ರ ದಂಡ ಸಂಹಿತೆಯಲ್ಲೇ ಇತ್ತು, ಈಗಿನ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲೂ ಹಾಗೇ ಬಂದಿದೆ. ಒಪ್ಪಿಗೆ ಇಲ್ಲದೆ ಒಬ್ಬರ ಖಾಸಗಿ ಅಂಗದ ಚಿತ್ರ ತೆಗೆದರೆ, ಹಂಚಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಬೀಳುತ್ತದೆ. 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಲೈಂಗಿಕ ದೃಶ್ಯ ಹಾಕಿದರೆ 67ಎ, ಅದು ಇನ್ನೂ ಗಟ್ಟಿ, ಮೊದಲ ಸಲಕ್ಕೇ 5 ವರ್ಷದವರೆಗೆ. ಕ್ಲಿಪ್ ಹೆಂಗಸಿನದಾದರೆ ನ್ಯಾಯ ಸಂಹಿತೆಯ 77ನೇ ಕಲಮು ಬೇರೆ. ಅದರಲ್ಲಿ ಒಂದು ಮಾತಿದೆ: ಚಿತ್ರ ತೆಗೆಯಲು ಅವಳು ಒಪ್ಪಿದ್ದರೂ, ಹಂಚಲು ಒಪ್ಪದಿದ್ದರೆ ಹಂಚುವುದು ಅಪರಾಧ.

ಇದೆಲ್ಲದರ ಮೇಲೆ ಖಾಸಗಿತನವೇ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಕ್ಕೊರಲಿನಿಂದ ಹೇಳಿದ್ದಾರೆ. ಗಾಕರ್ ನಿಂತು ಒಂದು ವರ್ಷ, ಎರಡು ದಿನ ಆಗಿತ್ತು. ಆ ಅರ್ಜಿ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮೊಬೈಲ್ ಪತ್ರಕರ್ತರಿಗೆ ಇಲ್ಲಿ ಇನ್ನೊಂದು ತೊಡಕು ಇದೆ. ಭಾರತೀಯ ಪತ್ರಿಕಾ ಮಂಡಳಿ ನೋಡುವುದು ಅಚ್ಚಾಗುವ ಪತ್ರಿಕೆಗಳನ್ನು, ಸುದ್ದಿ ಸಂಸ್ಥೆಗಳನ್ನು. ಆನ್‌ಲೈನ್ ಸುದ್ದಿಗೆ 2021ರ ನಿಯಮಗಳು ಬಂದವು. ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು, 15 ದಿನದೊಳಗೆ ತೀರ್ಮಾನ ಆಗಬೇಕು ಅನ್ನುತ್ತವೆ. ಒಂದು ಬೈಕು, ಒಂದು ಮೈಕು ಇರುವವನ ಚಾನೆಲ್‌ನಲ್ಲಿ ದೂರು ಕೊಡುವುದು ಯಾರಿಗೆ? ಅವನೇ ವರದಿಗಾರ, ಅವನೇ ಸಂಪಾದಕ, ಅವನೇ ದೂರು ಕೇಳುವವನು. "ಬೇಡ" ಅನ್ನುವ ಇನ್ನೊಬ್ಬ ಮನುಷ್ಯ ಆ ಕೋಣೆಯಲ್ಲಿ ಇರುವುದೇ ಇಲ್ಲ.

ಮತ್ತೆ ಕ್ಲಿಪ್ಪಿಗೆ ಬಂದೆವು. ಅವರು ಆ ರೂಮಿನ ಬಾಡಿಗೆಯನ್ನು ಸರ್ಕಾರಿ ದುಡ್ಡಿನಲ್ಲಿ ಕಟ್ಟಿದ್ದಾರಾ ಅಂತ ಕೇಳಿದೆ. ಗೊತ್ತಿಲ್ಲ. ಆ ಹೆಂಗಸಿಗೆ ಕೆಲಸ ಕೊಡಿಸುತ್ತೇನೆ ಅಂತ ಕರೆಸಿದ್ದಾ? ಬಲವಂತವಾ? ಗೊತ್ತಿಲ್ಲ. ಅಂಥದ್ದೇನಾದರೂ ಇದ್ದರೆ ಅದು ಸುದ್ದಿ, ದೊಡ್ಡ ಸುದ್ದಿ, ಮತ್ತು ಅದನ್ನು ಬರೆಯಲು ಈ ವಿಡಿಯೋ ಹಾಕಬೇಕಾಗಿಯೇ ಇಲ್ಲ. ಹೆಂಗಸು ಯಾರು? ಗೊತ್ತಿಲ್ಲ. ಅವಳ ಮುಖ ಮಬ್ಬು ಮಾಡಿ ಹಾಕಿದರೂ ಅವಳ ಓಣಿಯವರು ಸೀರೆ ನೋಡಿ ಗುರುತು ಹಿಡಿಯುತ್ತಾರೆ ಅಂದೆ.

"ಕಳಿಸಿದ್ದು ಯಾರು?"

ಹುಡುಗ ಮೊಬೈಲ್ ನೋಡಿದ. ಹೆಸರಿಲ್ಲದ ನಂಬರು. ಡಿಪಿ ಇಲ್ಲ. ವಾಪಸ್ ಫೋನ್ ಮಾಡಿದರೆ ಸ್ವಿಚ್ ಆಫ್. ಅಷ್ಟು ಹೊತ್ತು ಥೀಲ್ ಕತೆ ಕೇಳಿದವನಿಗೆ ಆಗ ಏನೋ ಹೊಳೆದಂತಾಯಿತು. "ಎಲೆಕ್ಷನ್ ಬರ್ತಾ ಐತಲ್ಲ ಮಾಮಾ," ಅಂದ, ಮೆಲ್ಲಗೆ.

ಅವತ್ತು ರಾತ್ರಿ ಅವನು ಹಾಕಲಿಲ್ಲ. ಎರಡು ದಿನ ಬಿಟ್ಟು ಊರಿನ ಬೇರೊಂದು ಚಾನೆಲ್ ಹಾಕಿತು, ಮುಖ ಅರ್ಧಂಬರ್ಧ ಮಬ್ಬು ಮಾಡಿ. ಒಂದೇ ದಿನದಲ್ಲಿ ಎಂಬತ್ತು ಸಾವಿರ ವ್ಯೂಸ್. ನಮ್ಮ ಹುಡುಗ ಆ ವಾರ ಹಾಕಿದ್ದು ಭದ್ರಾ ಕಾಲುವೆಯ ಕೊನೆ ಭಾಗದ ಹೊಲಗಳಿಗೆ ನೀರು ಬಾರದ ವರದಿ. ಎರಡು ಸಾವಿರವೂ ದಾಟಲಿಲ್ಲ. ನನ್ನ ಜೊತೆ ಎಂಟು ದಿನ ಸರಿಯಾಗಿ ಮಾತಾಡಲಿಲ್ಲ. ಆ ಇನ್ನೊಂದು ಚಾನೆಲ್ ಈಗಲೂ ನಡೀತಾ ಇದೆ.